ಅರಸೀಕೆರೆಯಿಂದ ನೇರ ದಕ್ಷಿಣಕ್ಕೆ

ಅಂಟಾರ್ಕ್ಟಿಕಾದಲ್ಲಿ ಒಂದು ವರ್ಷ ಇದ್ದು ಬಂದವನು ಎಂದು ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆಗಳು ಮೂರು. ಊಟಕ್ಕೆ ಏನು ಮಾಡ್ತಿದ್ರಿ? ಸ್ನಾನ ಮಾಡ್ತಿದ್ರಾ? ಪೆಂಗ್ವಿನ್ ಮುಟ್ಟಿದ್ರಾ? ಹೈದರಾಬಾದಿನ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ತೆಲುಗಿನಲ್ಲಿ ಕೇಳಿದ್ದೂ ಇದನ್ನೇ, ಅರಸೀಕೆರೆ ಬಸ್‌ಸ್ಟ್ಯಾಂಡಿನ ಹೋಟೆಲಿನವರು ಕೇಳಿದ್ದೂ ಇದನ್ನೇ. ಮೂರಕ್ಕೂ ಉತ್ತರ ಮುಂದೆ ಹೇಳುತ್ತೇನೆ.

ನಮ್ಮಪ್ಪ ಮಾತ್ರ ಬೇರೆ ಪ್ರಶ್ನೆ ಕೇಳಿದ್ದರು, ಅದೂ ನಾನು ಹೊರಡುವ ಮುಂಚೆ. ತೋಟದಲ್ಲಿ ಬಿದ್ದ ತೆಂಗಿನಕಾಯಿ ಆರಿಸುತ್ತಾ, ನನ್ನ ಮುಖ ನೋಡದೆ, "ಮಧ್ಯದಲ್ಲಿ ಬರ್ಬೇಕು ಅನ್ಸಿದ್ರೆ ಬರಕ್ಕಾಯ್ತದಾ?" ಅಂದರು.

"ಇಲ್ಲಪ್ಪ. ಮಾರ್ಚ್‌ನಲ್ಲಿ ಕೊನೇ ಹಡಗು ಹೋದ್ರೆ ನವೆಂಬರ್‌ವರೆಗೆ ಯಾರೂ ಬರಲ್ಲ, ಯಾರೂ ಹೋಗಕ್ಕಾಗಲ್ಲ" ಅಂದೆ.

ಅಪ್ಪ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು. "ಸರಿ ಬಿಡು" ಅಂದರು.

ನಮ್ಮ ಊರು ಅರಸೀಕೆರೆಯಿಂದ ಜಾವಗಲ್ ಕಡೆಗೆ ಹೋಗುವ ದಾರಿಯಲ್ಲಿರುವ ಒಂದು ಹಳ್ಳಿ. ತೆಂಗು, ರಾಗಿ, ಬೋರ್‌ವೆಲ್ ಚಿಂತೆ, ಇಷ್ಟೇ ನಮ್ಮ ಬದುಕು. ಸುರತ್ಕಲ್‌ನಲ್ಲಿ ಎಂಟೆಕ್ ಮುಗಿಸಿ ಹೈದರಾಬಾದಿಗೆ ಬಂದವನು ಅಲ್ಲೇ ಉಳಿದೆ. ಉಪಗ್ರಹಗಳು ಕಳಿಸುವ ದತ್ತಾಂಶವನ್ನು ಹಿಡಿದು, ತಪ್ಪಿಲ್ಲದೆ ಬಂದಿದೆಯೇ ಎಂದು ಪರೀಕ್ಷಿಸಿ, ಮುಂದಕ್ಕೆ ದಾಟಿಸುವ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಈ ಕೆಲಸವೇ ನನ್ನನ್ನು ಭಾರತಿ ಕೇಂದ್ರಕ್ಕೆ ಕರೆದೊಯ್ದಿತು.

ಧ್ರುವದಲ್ಲಿ ಸಾಫ್ಟ್‌ವೇರ್‌ನವರಿಗೇನು ಕೆಲಸ?

ಭೂಮಿಯ ಚಿತ್ರ ತೆಗೆಯುವ ನಮ್ಮ ದೂರಸಂವೇದಿ ಉಪಗ್ರಹಗಳು ಹೆಚ್ಚಾಗಿ ಧ್ರುವದಿಂದ ಧ್ರುವಕ್ಕೆ ಸುತ್ತುತ್ತವೆ. ಒಂದು ಸುತ್ತಿಗೆ ಸುಮಾರು ನೂರು ನಿಮಿಷ. ದಿನಕ್ಕೆ ಹದಿನಾಲ್ಕು ಸುತ್ತು ಎಂದುಕೊಳ್ಳಿ. ಹೈದರಾಬಾದಿನ ಹತ್ತಿರದ ಶಾದನಗರದಲ್ಲಿರುವ ಭೂಕೇಂದ್ರಕ್ಕೆ ಇವುಗಳಲ್ಲಿ ಕೆಲವೇ ಸುತ್ತುಗಳು ಕಾಣಸಿಗುತ್ತವೆ, ಏಕೆಂದರೆ ಕೆಳಗೆ ಭೂಮಿ ತಿರುಗುತ್ತಾ ಇರುತ್ತದೆ. ಧ್ರುವದ ಹತ್ತಿರ ಹೋಗಿ ಕುಳಿತರೆ ಹೆಚ್ಚುಕಡಿಮೆ ಪ್ರತಿ ಸುತ್ತಿನಲ್ಲೂ ಉಪಗ್ರಹ ತಲೆಯ ಆಸುಪಾಸಿನಲ್ಲಿ ಹಾದುಹೋಗುತ್ತದೆ. ಅದಕ್ಕೇ ಭಾರತಿಯಲ್ಲಿ ಒಂದು ಭೂಕೇಂದ್ರ ಇದೆ. ಮುಖ್ಯ ಕಟ್ಟಡದಿಂದ ಸ್ವಲ್ಪ ದೂರದಲ್ಲಿ ದೊಡ್ಡ ಬಿಳಿ ಚೆಂಡಿನಂಥ ಗುಮ್ಮಟ, ಅದರೊಳಗೆ ಆಂಟೆನಾ. ಉಪಗ್ರಹ ಒಂದು ಅಂಚಿನಲ್ಲಿ ಎದ್ದು ಇನ್ನೊಂದು ಅಂಚಿನಲ್ಲಿ ಮುಳುಗುವ ಹತ್ತು ಹನ್ನೆರಡು ನಿಮಿಷಗಳಲ್ಲಿ ಅದು ಕೊಡುವುದನ್ನೆಲ್ಲ ಇಳಿಸಿಕೊಳ್ಳಬೇಕು. ಆಮೇಲೆ ಅದು ಸಂಪರ್ಕ ಉಪಗ್ರಹದ ಮೂಲಕ ಶಾದನಗರಕ್ಕೆ ಹೋಗುತ್ತದೆ. ಬೆಳೆ ಎಷ್ಟಾಗಿದೆ, ಕೆರೆಯಲ್ಲಿ ನೀರೆಷ್ಟಿದೆ, ಪ್ರವಾಹ ಎಲ್ಲಿಯವರೆಗೆ ಬಂದಿದೆ ಎಂಬ ಲೆಕ್ಕಗಳ ಹಿಂದೆ ಇಂಥ ಕೆಲಸ ಇರುತ್ತದೆ.

ನನಗೆ ಧೈರ್ಯ ಕೊಟ್ಟದ್ದು ಇಸ್ರೊದ ಮಂಗಳಾ ಮಣಿಯವರ ಕಥೆ. 2016ರ ನವೆಂಬರ್‌ನಲ್ಲಿ ಭಾರತಿಗೆ ಹೋದ ಅವರು ಅಲ್ಲಿ 403 ದಿನ ಇದ್ದರು. ಆಗ ಅವರಿಗೆ 56 ವರ್ಷ. 23 ಜನರ ತಂಡದಲ್ಲಿ ಅವರೊಬ್ಬರೇ ಮಹಿಳೆ. ಅವರಿಗೆ ಆಗಿದ್ದು ಮೂವತ್ತರ ಹರೆಯದ ನನಗೆ ಯಾಕಾಗದು ಅಂದುಕೊಂಡೆ.

ಆದರೆ ಹೆಸರು ಕೊಟ್ಟ ಮಾತ್ರಕ್ಕೆ ಕಳಿಸುವುದಿಲ್ಲ. ದೆಹಲಿಯ ಏಮ್ಸ್‌ನಲ್ಲಿ ದೇಹದ ಜೊತೆಗೆ ಮನಸ್ಸಿನ ಪರೀಕ್ಷೆಯೂ ಆಯಿತು. ಉತ್ತರಾಖಂಡದ ಔಲಿಯಲ್ಲಿ ಐಟಿಬಿಪಿಯವರು ಹಿಮದಲ್ಲಿ ನಡೆಯುವುದು, ಹಗ್ಗ ಹಿಡಿಯುವುದು, ಬಿದ್ದವರನ್ನು ಎತ್ತುವುದು ಕಲಿಸಿದರು. ಕೇಪ್‌ಟೌನ್‌ನಿಂದ ಸರಕು ವಿಮಾನದಲ್ಲಿ ಸುಮಾರು ಆರು ತಾಸು ಹಾರಿ ಮಂಜುಗಡ್ಡೆಯ ರನ್‌ವೇ ಮೇಲೆ ಇಳಿದೆವು. ಅದು ನಮ್ಮ ಇನ್ನೊಂದು ಕೇಂದ್ರ ಮೈತ್ರಿಯ ಹತ್ತಿರದ ಜಾಗ. ಅಲ್ಲಿಂದ ಭಾರತಿ ಸುಮಾರು 3,000 ಕಿ.ಮೀ. ಕಾಲಿಗೆ ಸ್ಕೀ ಕಟ್ಟಿಕೊಂಡ ಸಣ್ಣ ವಿಮಾನದಲ್ಲಿ ಆ ದೂರವನ್ನೂ ದಾಟಿದೆವು.

ಹೊರಡುವ ಹಿಂದಿನ ದಿನ ನಾಲ್ಕು ವರ್ಷದ ಮಗಳಿಗೆ ಗ್ಲೋಬ್ ತೋರಿಸುತ್ತಾ ಕೂತಿದ್ದೆ. ಭಾರತಿ ಇರುವುದು 69 ಡಿಗ್ರಿ ದಕ್ಷಿಣ ಅಕ್ಷಾಂಶ, 76 ಡಿಗ್ರಿ ಪೂರ್ವ ರೇಖಾಂಶದ ಹತ್ತಿರ. ರೇಖಾಂಶದ ಮೇಲೆ ಬೆರಳಿಟ್ಟು ಮೇಲಕ್ಕೆ ಬಂದರೆ ನನಗೇ ಆಶ್ಚರ್ಯ. ಅದು ಬಂದು ಸೇರಿದ್ದು ಹಾಸನ ಜಿಲ್ಲೆಗೆ! ನಮ್ಮೂರಿನಿಂದ ಒಂದು ದಾರ ಹಿಡಿದು ನೇರ ದಕ್ಷಿಣಕ್ಕೆ ಎಳೆದರೆ ಅದು ಕೊಚ್ಚಿಯ ಹತ್ತಿರ ಸಮುದ್ರಕ್ಕೆ ಇಳಿಯುತ್ತದೆ. ಆಮೇಲೆ ಒಂದು ತುಂಡು ನೆಲವೂ ಅಡ್ಡ ಸಿಗದೆ, ಒಂಬತ್ತು ಸಾವಿರ ಕಿಲೋಮೀಟರಿಗೂ ದೂರದ ಭಾರತಿಯ ಬಾಗಿಲಿಗೆ ಹೋಗಿ ಮುಟ್ಟುತ್ತದೆ. "ಹಂಗಾದ್ರೆ ತಾತನ ಮನೆ ಎದುರಿಗೇ" ಅಂದಳು ಮಗಳು.

134 ಕಂಟೇನರ್‌ಗಳ ಮನೆ

ಭಾರತದ ಮೊದಲ ಅಂಟಾರ್ಕ್ಟಿಕಾ ತಂಡ ಎಸ್.ಝಡ್. ಖಾಸಿಂ ಅವರ ನೇತೃತ್ವದಲ್ಲಿ ಗೋವಾದಿಂದ ಹೊರಟದ್ದು 1981ರ ಡಿಸೆಂಬರ್‌ನಲ್ಲಿ. ಮೊದಲ ಕೇಂದ್ರ ದಕ್ಷಿಣ ಗಂಗೋತ್ರಿ ಮಂಜಿನಡಿ ಹೂತುಹೋಯಿತು. ಆಮೇಲೆ ಬಂದದ್ದು ಮೈತ್ರಿ. ಮೂರನೆಯದಾದ ಭಾರತಿ ಶುರುವಾದದ್ದು 2012ರ ಮಾರ್ಚ್ 18ರಂದು. ಹಡಗಿನಲ್ಲಿ ಸರಕು ಸಾಗಿಸುವ 134 ಕಂಟೇನರ್‌ಗಳನ್ನು ಜೋಡಿಸಿ, ಹೊರಗೆ ಲೋಹದ ಕವಚ ಹೊದಿಸಿ, ಕಂಬಗಳ ಮೇಲೆ ನಿಲ್ಲಿಸಿದ ಕಟ್ಟಡ ಅದು. ಕೆಳಗೆ ಗಾಳಿ ನುಗ್ಗಿ ಹೋಗುವುದರಿಂದ ಹಿಮ ಗೋಡೆಗೆ ಒಟ್ಟುವುದು ಕಡಿಮೆ. ಒಳಗೆ ಮಲಗುವ ಕೋಣೆಗಳು, ಅಡುಗೆಮನೆ, ಗ್ರಂಥಾಲಯ, ಜಿಮ್, ಪುಟ್ಟ ಆಪರೇಷನ್ ಥಿಯೇಟರ್, ಸಮುದ್ರದ ಕಡೆಗೆ ಗಾಜಿನ ಕಿಟಕಿಗಳ ಲೌಂಜ್. ಸುತ್ತ ಲಾರ್ಸೆಮನ್ ಬೆಟ್ಟಗಳ ಕಂದು ಬಂಡೆ. ಒಂದು ಮರವಿಲ್ಲ, ಒಂದು ಗರಿಕೆಯಿಲ್ಲ. ಅಲ್ಲಲ್ಲಿ ಪಾಚಿ, ಕಲ್ಲುಹೂವು, ಅಷ್ಟೇ.

ಬೇಸಿಗೆಯಲ್ಲಿ, ಅಂದರೆ ನಮ್ಮ ಡಿಸೆಂಬರ್–ಜನವರಿಯಲ್ಲಿ, ಕೇಂದ್ರ ತುಂಬಿ ತುಳುಕುತ್ತದೆ. ಸೂರ್ಯ ಮುಳುಗುವುದೇ ಇಲ್ಲ. ರಾತ್ರಿ ಒಂದು ಗಂಟೆಗೆ ಕಪ್ಪು ಕನ್ನಡಕ ಹಾಕಿಕೊಂಡು ಸರಕು ಇಳಿಸಿದ್ದೇವೆ. ಮಾರ್ಚ್‌ನಲ್ಲಿ ಹಡಗು ಹೊರಟಾಗ ನಾವು ಉಳಿದವರು 24 ಜನ. ದಡದಲ್ಲಿ ನಿಂತು ಕೈ ಬೀಸಿದೆವು. ಹಡಗು ಮೂರು ಸಲ ಹಾರ್ನ್ ಹಾಕಿತು. ಕಣ್ಣಿಗೆ ಕಾಣದಷ್ಟು ದೂರ ಹೋದಮೇಲೂ ಯಾರೂ ಒಳಗೆ ಹೋಗಲಿಲ್ಲ.

ಅಂದು ಸಂಜೆ ಲೀಡರ್ ಒಬ್ಬೊಬ್ಬರನ್ನೇ ಕರೆದು ಒಂದು ಪ್ರಶ್ನೆ ಕೇಳಿದರು. "ಮನೆಯಲ್ಲಿ ಕೆಟ್ಟ ಸುದ್ದಿಯಾದರೆ ನಿಮಗೆ ತಕ್ಷಣ ಹೇಳಬೇಕಾ, ವಾಪಸ್ ಹೋಗುವಾಗ ಹೇಳಬೇಕಾ? ಯೋಚನೆ ಮಾಡಿ ಬರೆದುಕೊಡಿ." ನಾನು ಯೋಚನೆಯನ್ನೇ ಮಾಡಲಿಲ್ಲ. "ತಕ್ಷಣ" ಎಂದು ಬರೆದೆ. ಮನೆಗೂ ಫೋನ್ ಮಾಡಿ ಹೇಳಿದೆ. "ಆಯ್ತು ಕಣಪ್ಪ, ಏನಾದ್ರೂ ಆದ್ರೆ ಹೇಳ್ತೀವಿ" ಅಂದರು ಅಮ್ಮ. ಎಲ್ಲರೂ ನನ್ನ ಹಾಗೆ ಬರೆದಿರಲಿಲ್ಲ. ನಮ್ಮ ಡಾಕ್ಟರು ಕೇರಳದವರು. "ಇಲ್ಲಿ ಕೂತು ಅಳುವುದರಿಂದ ಯಾರಿಗೆ ಉಪಯೋಗ? ನಾನು ಹೇಳಬೇಡಿ ಅಂತ ಬರೆದಿದ್ದೇನೆ" ಅಂದರು. ಅವರದು ಕಲ್ಲು ಮನಸ್ಸು ಅನಿಸಿತ್ತು ಆಗ.

ಎಲ್ಲರೂ ಪಾತ್ರೆ ತೊಳೆಯುವ ಊರು

ಈಗ ಊಟದ ಪ್ರಶ್ನೆಗೆ ಬರುತ್ತೇನೆ. ಅಕ್ಕಿ, ಗೋಧಿಹಿಟ್ಟು, ಬೇಳೆ, ಹಾಲಿನ ಪುಡಿ, ಫ್ರೀಜ್ ಮಾಡಿದ ತರಕಾರಿ ಮತ್ತು ಮಾಂಸ, ಎಲ್ಲ ವರ್ಷಕ್ಕಾಗುವಷ್ಟು ಹಡಗಿನಲ್ಲೇ ಬಂದಿರುತ್ತದೆ. ಈರುಳ್ಳಿ, ಆಲೂಗಡ್ಡೆ ಕೆಲವು ತಿಂಗಳು ತಡೆಯುತ್ತವೆ. ಹಸಿ ಸೊಪ್ಪು, ಟೊಮೆಟೊ ಮೊದಲೇ ಮುಗಿಯುತ್ತವೆ. ಕೊನೆಯ ಎಲೆಕೋಸನ್ನು ಕತ್ತರಿಸಿದ ದಿನ ಒಬ್ಬೊಬ್ಬರಿಗೆ ಎರಡೆರಡು ಎಸಳು ಹಸಿಯಾಗಿಯೇ ಹಂಚಿಕೊಂಡೆವು. ಹಸಿವಿನಲ್ಲಿ ಯಾರೂ ಇರಲಿಲ್ಲ. ಕೊತ್ತಂಬರಿ ಸೊಪ್ಪಿನ ವಾಸನೆ ಮಾತ್ರ ಕನಸಿನಲ್ಲಿ ಬರುತ್ತಿತ್ತು.

ಅಡುಗೆಯವರು ಇದ್ದರು. ಆದರೆ ದಿನಕ್ಕೆ ಇಬ್ಬರಂತೆ ಎಲ್ಲರಿಗೂ ಪಾಳಿ. ಅದನ್ನು ಗ್ಯಾಲಿ ಡ್ಯೂಟಿ ಅನ್ನುತ್ತಾರೆ. ತರಕಾರಿ ಹೆಚ್ಚುವುದು, ಬಡಿಸುವುದು, 24 ಜನರ ಪಾತ್ರೆ ತೊಳೆಯುವುದು, ನೆಲ ಒರೆಸುವುದು. ಲೀಡರ್‌ಗೂ ಬಿಡುವಿಲ್ಲ, ಡಾಕ್ಟರ್‌ಗೂ ಇಲ್ಲ. ಹೈದರಾಬಾದಿನ ಮನೆಯಲ್ಲಿ ಕುಡಿದ ಲೋಟವನ್ನು ಸಿಂಕಿನಲ್ಲಿಟ್ಟರೆ ದೊಡ್ಡ ಉಪಕಾರ ಮಾಡಿದೆ ಅಂದುಕೊಳ್ಳುತ್ತಿದ್ದವನು ನಾನು. ಅಲ್ಲಿ ಕಲಿತದ್ದನ್ನು ಮನೆಯವಳು ಈಗಲೂ ಸರಿಯಾಗಿ ಉಪಯೋಗಿಸಿಕೊಳ್ಳುತ್ತಿದ್ದಾಳೆ.

ಭಾನುವಾರ ಅಡುಗೆಯವರಿಗೆ ರಜೆ. ಅಂದು ಒಬ್ಬೊಬ್ಬರು ತಮ್ಮ ಊರಿನ ಅಡುಗೆ ಮಾಡಬೇಕು. ಬಂಗಾಳದವರ ಖಿಚುಡಿ, ಪಂಜಾಬಿನ ಜನರೇಟರ್ ಪಾಜಿಯ ರಾಜ್ಮಾ, ಆಂಧ್ರದವರ ಗೊಂಗೂರ ಉಪ್ಪಿನಕಾಯಿಯ ಅನ್ನ. ನನ್ನ ಟ್ರಂಕಿನಲ್ಲಿ ಅಮ್ಮ ಕಟ್ಟಿಕೊಟ್ಟಿದ್ದ ರಾಗಿಹಿಟ್ಟು, ಸಾರಿನ ಪುಡಿ, ಕೊಬ್ಬರಿ ಇತ್ತು. ನನ್ನ ಸರದಿಗೆ ಮುದ್ದೆ ಮಾಡುವುದೆಂದು ತೀರ್ಮಾನವಾಗಿತ್ತು. ಆ ಭಾನುವಾರದ ವಿಷಯ ಆಮೇಲೆ ಹೇಳುತ್ತೇನೆ.

ಸ್ನಾನ? ಮಾಡುತ್ತಿದ್ದೆವು. ಮುಂದಿನ ಕೊಲ್ಲಿಯಿಂದ ಸಮುದ್ರದ ನೀರೆತ್ತಿ ಉಪ್ಪು ತೆಗೆದು ಬಳಸುತ್ತಾರೆ. ಬಿಸಿಗೆ ಕೊರತೆಯಿಲ್ಲ. ಕರೆಂಟು ಕೊಡುವ ಜನರೇಟರ್‌ಗಳ ಶಾಖವೇ ಕಟ್ಟಡವನ್ನು ಬೆಚ್ಚಗಿಡುತ್ತದೆ. ಆದರೆ ಒಂದೊಂದು ಲೀಟರ್ ನೀರಿನ ಹಿಂದೆಯೂ ಎಣ್ಣೆ ಉರಿದಿರುತ್ತದೆ. ಆದ್ದರಿಂದ ಐದು ನಿಮಿಷದಲ್ಲಿ ಮುಗಿಸಬೇಕು. ಸಾಮಾನ್ಯ ಡೀಸೆಲ್ ಆ ಚಳಿಗೆ ಗಟ್ಟಿಯಾಗುವುದರಿಂದ ಉರಿಸುವುದು ವಿಮಾನಕ್ಕೆ ಹಾಕುವ ಜಾತಿಯ ಇಂಧನ. ಬೋರ್‌ವೆಲ್ ನೀರನ್ನು ಲೆಕ್ಕ ಹಾಕಿ ಬಿಡುವ ಮನೆಯಲ್ಲಿ ಬೆಳೆದವನಿಗೆ ಈ ಶಿಸ್ತು ಹೊಸದಲ್ಲ. ಹೊಸದಾಗಿದ್ದದ್ದು ಗಾಳಿಯ ಒಣಗು. ತುಟಿ ಒಡೆಯುತ್ತದೆ, ಮೂಗಿನಲ್ಲಿ ರಕ್ತ ಬರುತ್ತದೆ, ಬಾಗಿಲ ಹಿಡಿ ಮುಟ್ಟಿದರೆ ಚಟ್ ಎಂದು ಶಾಕ್ ಹೊಡೆಯುತ್ತದೆ.

ಈ ಒಣ ಗಾಳಿಯಿಂದಾಗಿ ಅಲ್ಲಿ ಚಳಿಗಿಂತ ಹೆಚ್ಚಿನ ಭಯ ಬೆಂಕಿಯದು. ನಮ್ಮ ನೆರೆಯ ರಷ್ಯಾದ ಪ್ರೋಗ್ರೆಸ್ ಕೇಂದ್ರದಲ್ಲಿ 2008ರಲ್ಲಿ ಬೆಂಕಿ ಬಿದ್ದು ಒಬ್ಬರು ಸತ್ತರು. 2012ರಲ್ಲಿ ಬ್ರೆಜಿಲ್‌ನ ಕೇಂದ್ರ ಸುಟ್ಟು ಇಬ್ಬರು ಸತ್ತರು. ಕಟ್ಟಡ ಸುಟ್ಟರೆ ಹೋಗಲು ಬೇರೆ ಮನೆಯಿಲ್ಲ, ಬರಲು ಅಗ್ನಿಶಾಮಕ ದಳವಿಲ್ಲ. ಆದ್ದರಿಂದ ರಾತ್ರಿ ಒಬ್ಬರು ಎಚ್ಚರವಿದ್ದು ಪ್ರತಿ ಕೋಣೆ, ಪ್ರತಿ ಯಂತ್ರದ ಹತ್ತಿರ ಸುತ್ತುವ ಪಾಳಿ ಇತ್ತು.

ಹೊರಗೆ ಹೋಗಬೇಕಾದರೆ ಬೋರ್ಡಿನಲ್ಲಿ ಹೆಸರು, ಸಮಯ ಬರೆದು, ವಾಕಿಟಾಕಿ ಹಿಡಿದು, ಜೊತೆಗೆ ಒಬ್ಬರನ್ನು ಕರೆದುಕೊಂಡೇ ಹೋಗಬೇಕು. ಮೈನಸ್ 30ರ ಆಸುಪಾಸಿನ ದಿನಗಳಲ್ಲಿ ರೆಪ್ಪೆಯ ಮೇಲೆ ಮಂಜು ಕಟ್ಟುತ್ತದೆ. ಬ್ಲಿಜರ್ಡ್ ಬಂದರೆ ಎದುರಿಗೆ ಚಾಚಿದ ಕೈಯೇ ಕಾಣುವುದಿಲ್ಲ. ಆಗ ಆಂಟೆನಾ ಕಡೆಗೆ ಹೋಗಬೇಕಾದರೆ ಕಟ್ಟಿದ ಹಗ್ಗ ಹಿಡಿದೇ ನಡೆಯಬೇಕು. ಗಾಳಿ ಗಂಟೆಗೆ ನೂರು ಕಿಲೋಮೀಟರ್ ದಾಟಿದರೆ ಹಗ್ಗವೂ ಇಲ್ಲ, ಹೋಗುವುದೂ ಇಲ್ಲ.

ಪೆಂಗ್ವಿನ್ ಮುಟ್ಟಲಿಲ್ಲ. ಮುಟ್ಟುವ ಹಾಗಿಲ್ಲ. ಅಂಟಾರ್ಕ್ಟಿಕಾದ ಪರಿಸರ ಕಾಪಾಡಲು 1991ರಲ್ಲಿ ಆದ ಒಪ್ಪಂದವಿದೆ. ಅದರ ಪ್ರಕಾರ ಅಲ್ಲಿನ ಪ್ರಾಣಿಗಳಿಗೆ ತೊಂದರೆ ಕೊಡುವಂತಿಲ್ಲ. ಕಸವನ್ನು ಬೇರ್ಪಡಿಸಿ, ಕಟ್ಟಿಟ್ಟು, ಹಡಗಿನಲ್ಲಿ ವಾಪಸ್ ಕಳಿಸಬೇಕು. ನಾವು ದೂರ ನಿಂತರೂ ಅಡೇಲಿ ಪೆಂಗ್ವಿನ್‌ಗಳಿಗೆ ಕುತೂಹಲ ತಡೆಯುವುದಿಲ್ಲ. ಅವೇ ಹತ್ತಿರ ಬಂದು, ತಲೆ ಓರೆ ಮಾಡಿ, ನಮ್ಮ ಬೂಟು ನೋಡಿ, ಏನೂ ವಿಶೇಷವಿಲ್ಲ ಎಂಬಂತೆ ಹೊರಟುಬಿಡುತ್ತವೆ.

ಸೂರ್ಯ ಬಾರದ ಮಧ್ಯಾಹ್ನಗಳು

ಮೇ ಕೊನೆಯ ವಾರ ಸೂರ್ಯ ಕಡೆಯ ಸಲ ಇಣುಕಿದ. ಮುಂದಿನ ಸುಮಾರು ಐವತ್ತು ದಿನ ಅವನಿಲ್ಲ. ಪೂರ್ತಿ ಕತ್ತಲೆ ಅಂದುಕೊಳ್ಳಬೇಡಿ. ಮಧ್ಯಾಹ್ನ ಎರಡು ಮೂರು ತಾಸು ಉತ್ತರದ ಅಂಚಿನಲ್ಲಿ ಕೆಂಪು ಮೂಡುತ್ತದೆ, ನಮ್ಮಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆ ಇರುವ ಹಾಗೆ. ಹುಟ್ಟೇಬಿಡುತ್ತಾನೆ ಅನ್ನಿಸುವಷ್ಟರಲ್ಲಿ ಮತ್ತೆ ಕಪ್ಪಾಗುತ್ತದೆ.

ದಕ್ಷಿಣ ಗೋಳಾರ್ಧವಾದ್ದರಿಂದ ಅಲ್ಲಿ ನಡುಮಧ್ಯಾಹ್ನದ ಬೆಳಕು ಬರುವುದು ಉತ್ತರದಿಂದ. ನಮ್ಮ ಊರು ಇರುವುದೂ ನೇರ ಉತ್ತರಕ್ಕೆ. ರೇಖಾಂಶ ಒಂದೇ ಆದ್ದರಿಂದ ನಡುಮಧ್ಯಾಹ್ನ ಎರಡೂ ಕಡೆ ಒಂದೇ ಹೊತ್ತಿಗೆ. ಭಾರತದ ಗಡಿಯಾರದಲ್ಲಿ ಸುಮಾರು ಹನ್ನೆರಡೂವರೆ. ಆಗ ಅಪ್ಪ ತೋಟದಿಂದ ಬಂದು ಕೈಕಾಲು ತೊಳೆದು ಊಟಕ್ಕೆ ಕೂರುವ ಸಮಯ. ಲೌಂಜಿನ ಗಾಜಿನ ಮುಂದೆ ಟೀ ಹಿಡಿದು ಆ ಕೆಂಪನ್ನು ನೋಡುತ್ತಾ ನಿಲ್ಲುವುದು ನನಗೆ ಅಭ್ಯಾಸವಾಯಿತು. ಹೈದರಾಬಾದಿನಲ್ಲಿ ಏಳು ವರ್ಷ ಇದ್ದೆ. ಅಪ್ಪ ಎಷ್ಟು ಹೊತ್ತಿಗೆ ಊಟ ಮಾಡುತ್ತಾರೆ ಎಂದು ಒಂದು ದಿನವೂ ಯೋಚಿಸಿದವನಲ್ಲ.

ನಿದ್ದೆ ಕೆಡುತ್ತದೆ. ಬೆಳಕಿಲ್ಲದಿದ್ದರೆ ದೇಹಕ್ಕೆ ಹೊತ್ತು ತಿಳಿಯುವುದಿಲ್ಲ. ಕೆಲವರು ಮಾತು ಕಡಿಮೆ ಮಾಡಿದರು. ಕೇರಂ ಆಟದಲ್ಲಿ ಸ್ಟ್ರೈಕರ್ ಗೆರೆ ಮುಟ್ಟಿತೋ ಇಲ್ಲವೋ ಎಂಬುದಕ್ಕೆ ಇಬ್ಬರು ನಾಲ್ಕು ದಿನ ಮಾತು ಬಿಟ್ಟರು. ಡಾಕ್ಟರು ಎಲ್ಲರನ್ನೂ ಒತ್ತಾಯ ಮಾಡಿ ಬೆಳಗಿನ ತಿಂಡಿಗೆ ಎಬ್ಬಿಸುತ್ತಿದ್ದರು. ತಿಂಡಿಗೆ ಎದ್ದು ಬಂದವನು ಸರಿಯಿದ್ದಾನೆ ಎಂಬುದು ಅವರ ಲೆಕ್ಕ. ಜೂನ್ 21, ಅಲ್ಲಿನ ನಡು ಚಳಿಗಾಲದ ದಿನ, ಅಂಟಾರ್ಕ್ಟಿಕಾದಲ್ಲೆಲ್ಲ ಹಬ್ಬ. ಬೇರೆ ಬೇರೆ ದೇಶಗಳ ಕೇಂದ್ರಗಳಿಂದ ಶುಭಾಶಯ, ತಂಡದ ಫೋಟೊಗಳು ಬಂದವು. ನಾವೂ ಕಳಿಸಿದೆವು. ಗುಲಾಬ್ ಜಾಮೂನು ಮಾಡಿದೆವು.

ಮನೆಯೊಂದಿಗೆ ಮಾತು ಉಪಗ್ರಹದ ಮೂಲಕ. ಸಂಪರ್ಕದ ಡಿಶ್ ಉತ್ತರಕ್ಕೆ, ದಿಗಂತಕ್ಕಿಂತ ಸ್ವಲ್ಪವೇ ಮೇಲಕ್ಕೆ ಮುಖ ಮಾಡಿರುತ್ತದೆ. ನಾವಾಡಿದ್ದು ಹೋಗಿ ಉತ್ತರ ಬರುವಷ್ಟರಲ್ಲಿ ಅರ್ಧ ಸೆಕೆಂಡಿಗೂ ಹೆಚ್ಚು. ಆ ಅರ್ಧ ಸೆಕೆಂಡಿನಲ್ಲಿ ಅಪ್ಪ ಎರಡು ಸಲ "ಹಲೋ" ಅಂದುಬಿಡುತ್ತಿದ್ದರು. ಆದರೂ ಪ್ರತಿ ಭಾನುವಾರ ತಪ್ಪದೆ ಮಾತಾಡುತ್ತಿದ್ದೆ. ಜೂನ್ ಮಧ್ಯದಿಂದ ಮೂರು ಭಾನುವಾರ ಅಪ್ಪ ಹೆಚ್ಚು ಮಾತಾಡಲಿಲ್ಲ. "ಚೆನ್ನಾಗಿದೀನಿ ಕಣೋ, ನಿಮ್ಮಮ್ಮಂಗೆ ಕೊಡ್ತೀನಿ" ಎಂದು ಮುಗಿಸುತ್ತಿದ್ದರು. ಲೈನ್ ಸರಿಯಿಲ್ಲ, ಅದಕ್ಕೇ ಬೇಜಾರಾಗಿರಬೇಕು ಅಂದುಕೊಂಡೆ.

ಎದೆಯಲ್ಲಿ ಸ್ಪ್ರಿಂಗು

ಜುಲೈ ಮೊದಲ ಶನಿವಾರ ಮನೆಯವಳ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಮಗಳು.

"ಅಪ್ಪಾ, ನಾನು ತಾತನ ಮನೇಲಿದೀನಿ. ತಾತಂಗೆ ಎದೇಲಿ ಸ್ಪ್ರಿಂಗ್ ಹಾಕಿದಾರೆ!"

ಅರ್ಧ ಸೆಕೆಂಡು ಕಳೆಯಿತು. ಮಗಳ ಕೈಯಿಂದ ಫೋನ್ ಹೋಯಿತು.

ಮೂರು ವಾರದ ಹಿಂದೆ ತೋಟದಲ್ಲಿ ಅಪ್ಪನಿಗೆ ಎದೆನೋವು ಬಂದಿತ್ತು. ತಮ್ಮ ಪಕ್ಕದ ಮನೆಯವರ ಕಾರಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋದ. ಅಲ್ಲಿಂದ ಬೆಂಗಳೂರು. ಎರಡು ಕಡೆ ಮುಚ್ಚಿತ್ತು, ಸ್ಟೆಂಟ್ ಹಾಕಿದರು. ಮನೆಯವಳು ಮಗಳನ್ನು ಕಟ್ಟಿಕೊಂಡು ಅಂದೇ ರಾತ್ರಿ ರೈಲು ಹತ್ತಿದ್ದಳು. ಆಸ್ಪತ್ರೆಯಲ್ಲಿ ಆರು ದಿನ. ನನಗೊಬ್ಬನಿಗೆ ಬಿಟ್ಟು ಊರಿಗೆಲ್ಲ ಗೊತ್ತಿತ್ತು.

"ತಕ್ಷಣ ಹೇಳಿ ಅಂತ ಹೇಳಿರ್ಲಿಲ್ವಾ?" ಎಂದು ಕೂಗಾಡಿದೆ.

"ಹೇಳಿದ್ರೆ ನೀವು ಅಲ್ಲಿ ಏನ್ ಮಾಡ್ತಿದ್ರಿ?" ಅಂದಳು ಅವಳು. ದನಿಯಲ್ಲಿ ಜಗಳವಿರಲಿಲ್ಲ, ದಣಿವಿತ್ತು. ಅವಳು ಮೂರು ವಾರದಿಂದ ಆಸ್ಪತ್ರೆ, ಮನೆ, ಮಗು, ಲ್ಯಾಪ್‌ಟಾಪ್ ಕೆಲಸ ಎಲ್ಲವನ್ನೂ ನೋಡಿಕೊಂಡು, ಪ್ರತಿ ಭಾನುವಾರ ನನ್ನ ಹತ್ತಿರ ನಗುತ್ತಾ ಮಾತಾಡಿದ್ದಳು. ನನ್ನ ಹತ್ತಿರ ಉತ್ತರವಿರಲಿಲ್ಲ.

ಡಾಕ್ಟರ ಕೋಣೆಗೆ ಹೋದೆ. ಅವರು ಇಡೀ ವಿಷಯ ಕೇಳಿ, ಯಾವ ಔಷಧ ಬರೆದಿದ್ದಾರೆ ಎಂದು ತರಿಸಿ ಓದಿ, "ಸರಿಯಾಗಿಯೇ ನೋಡಿದ್ದಾರೆ" ಅಂದರು. ಕಲ್ಲು ಮನಸ್ಸು ಅಂದುಕೊಂಡಿದ್ದೆನಲ್ಲ, ಅವರೇ ಆ ರಾತ್ರಿ ಎರಡು ಗಂಟೆಯವರೆಗೆ ನನ್ನೆದುರು ಕೂತಿದ್ದರು. ಅವರ ತಾಯಿಗೆ 84 ವರ್ಷ ಎಂದು ನನಗೆ ಗೊತ್ತಾದದ್ದು ಆಗಲೇ.

ಮರುದಿನ ಭಾನುವಾರ, ನನ್ನ ಮುದ್ದೆಯ ಸರದಿ. ಬೇರೆಯವರು ಮಾಡುತ್ತೇವೆ ಅಂದರು. ನಾನೇ ಮಾಡುತ್ತೇನೆ ಅಂದೆ. ದೊಡ್ಡ ಪಾತ್ರೆಯಲ್ಲಿ ಎಸರಿಟ್ಟು, ಹಿಟ್ಟು ಹಾಕಿ, ಕೋಲು ಸಿಗದೆ ಬಡಗಿಯವರು ಕೆತ್ತಿಕೊಟ್ಟ ಮರದ ತುಂಡಿನಲ್ಲಿ ತೊಳಸಿದೆ. 24 ಜನರ ಹಿಟ್ಟು ತಿರುವುವುದು ತಮಾಷೆಯಲ್ಲ. ಪಾಜಿ ಪಾತ್ರೆ ಗಟ್ಟಿಯಾಗಿ ಹಿಡಿದುಕೊಂಡರು. ಬೆವರು ಬಂತು, ಕಣ್ಣೀರೂ ಬಂತು. ಆವಿ ಎಂದು ಎಲ್ಲರೂ ಸುಮ್ಮನಿದ್ದರು. ಅಗಿಯದೆ ನುಂಗಬೇಕು ಎಂದು ಹೇಳಿಕೊಟ್ಟರೂ ಅರ್ಧ ಜನ ಅಗಿದು ಹಲ್ಲಿಗೆ ಅಂಟಿಸಿಕೊಂಡರು. ಕೇರಂ ಜಗಳದ ಇಬ್ಬರು ಒಬ್ಬರನ್ನೊಬ್ಬರು ನೋಡಿ ನಕ್ಕರು.

ಅಂದು ಮಧ್ಯಾಹ್ನ ಅಪ್ಪನ ಜೊತೆ ಮಾತಾಡಿದೆ. ಈ ಸಲ ಅವರು ಫೋನನ್ನು ಅಮ್ಮನಿಗೆ ಕೊಡಲಿಲ್ಲ.

"ಯಾಕಪ್ಪಾ ಹೇಳ್ಲಿಲ್ಲ? ದೂರ ಇದೀನಿ ಅಂತಾನಾ?"

"ದೂರ ಅಂತಲ್ಲ ಮಗಾ" ಅಂದರು. "ಹೋದ್ವರ್ಷ ಬೈಕಿಂದ ಬಿದ್ದು ಹದಿನೈದು ದಿನ ಕೈಗೆ ಪಟ್ಟಿ ಕಟ್ಟಿಸ್ಕೊಂಡಿದ್ದೆ. ಗೊತ್ತಾ ನಿಂಗೆ? ಆಗ ಹೈದರಾಬಾದ್‌ನಲ್ಲೇ ಇದ್ದೆ ನೀನು. ಯಾವ್ದೋ ರಿಲೀಸ್ ಐತೆ, ಬಿಡುವಿಲ್ಲ ಅಂತಿದ್ದೆ. ಸುಮ್ನೆ ಯಾಕೆ ಅಂತ ಹೇಳ್ಲಿಲ್ಲ."

ಅವರ ದನಿಯಲ್ಲಿ ಆಕ್ಷೇಪಣೆಯ ಸುಳಿವೂ ಇರಲಿಲ್ಲ. ಮಳೆ ಬಂತು, ಕಾಯಿ ರೇಟು ಇಳಿಯಿತು ಎಂದು ಹೇಳುವ ಹಾಗೇ ಹೇಳಿದರು. ಆಮೇಲೆ, "ಅಲ್ಲಿ ಮುದ್ದೆ ಮಾಡಿದ್ಯಂತೆ? ಗಂಟಾಗ್ಲಿಲ್ವಾ?" ಅಂದರು.

ಒಂದು ರಾತ್ರಿಯ ರೈಲು

ಕಾಚಿಗುಡದಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಅಲ್ಲಿಂದ ಇನ್ನೊಂದು ರೈಲು ಹಿಡಿದರೆ ಊಟದ ಹೊತ್ತಿಗೆ ಅರಸೀಕೆರೆ. ಅಷ್ಟು ಹತ್ತಿರವಿದ್ದ ಏಳು ವರ್ಷದಲ್ಲಿ ನಾನು ಹೋಗುತ್ತಿದ್ದದ್ದು ಯುಗಾದಿಗೆ ಒಂದು ಸಲ, ದೀಪಾವಳಿಗೆ ಒಂದು ಸಲ. ಫೋನ್ ಮಾಡಿದಾಗ ಕಿವಿ ಅಲ್ಲಿ, ಕಣ್ಣು ಲ್ಯಾಪ್‌ಟಾಪಿನಲ್ಲಿ. ಅಂಟಾರ್ಕ್ಟಿಕಾದಲ್ಲಿ ನನಗೆ ಹೋಗಲು ಆಗುತ್ತಿರಲಿಲ್ಲ. ಹೈದರಾಬಾದಿನಲ್ಲಿ ಹೋಗಬಹುದಿತ್ತು, ಹೋಗಲಿಲ್ಲ. ಮನೆಯವರು ಎರಡಕ್ಕೂ ಒಂದೇ ರೀತಿ ಹೊಂದಿಕೊಂಡಿದ್ದರು. ಎರಡೂ ಕಡೆ ಇರುವ ಮಗನಿಗೆ ಹೇಳಬಾರದ ಸುದ್ದಿ ಯಾವುದು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮುಂಬೈ, ಪುಣೆ, ಚೆನ್ನೈ, ದೆಹಲಿಯಲ್ಲಿ ಕೂತು ಇದನ್ನು ಓದುತ್ತಿರುವ ನಿಮಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಕೆಲಸ ಬಿಟ್ಟು ಊರಿಗೆ ಹೋಗಿ ಎಂದೂ ಹೇಳುವುದಿಲ್ಲ. ನಾನೂ ಹೋಗಿಲ್ಲ. ಆದರೆ ಮುಂದಿನ ಸಲ ಫೋನಿನಲ್ಲಿ "ನಾವು ಚೆನ್ನಾಗಿದೀವಿ, ನೀನು ಕೆಲಸ ನೋಡ್ಕೊ" ಎಂಬ ಮಾತು ಕೇಳಿದಾಗ ಇನ್ನೊಂದು ಪ್ರಶ್ನೆ ಕೇಳಿ ನೋಡಿ. ಈ ತಿಂಗಳು ಆಸ್ಪತ್ರೆಗೆ ಯಾರು ಹೋಗಿದ್ದರು ಎಂದು ಕೇಳಿ. ನಿಮ್ಮ ಮನೆಯಲ್ಲೂ ಒಂದು ಪಟ್ಟಿ ಕಟ್ಟಿದ ಕೈ ಇರಬಹುದು.

ಜುಲೈ ಮಧ್ಯದಲ್ಲಿ ಒಂದು ಮಧ್ಯಾಹ್ನ ಉತ್ತರದ ಅಂಚಿನಲ್ಲಿ ಸೂರ್ಯನ ಚೂರು ಕಾಣಿಸಿತು. 24 ಜನವೂ ಹೊರಗೆ ಬಂದು ನಿಂತೆವು. ಕೆಲವೇ ನಿಮಿಷ, ಅಷ್ಟಕ್ಕೇ ಎಲ್ಲರ ಮುಖಕ್ಕೂ ಬಣ್ಣ ಬಂತು. ನವೆಂಬರ್‌ನಲ್ಲಿ ಮೊದಲ ವಿಮಾನದ ಸದ್ದು ಕೇಳಿದಾಗ ಅಡುಗೆಯವರು ಸೌಟು ಹಿಡಿದುಕೊಂಡೇ ಓಡಿ ಬಂದರು. ಹೊಸ ತಂಡದವರು ತಂದ ಪೆಟ್ಟಿಗೆಯಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪಿತ್ತು. ಒಬ್ಬರ ಕೈಯಿಂದ ಒಬ್ಬರಿಗೆ ಹೋಗಿ ಎಲ್ಲರೂ ಮೂಸಿ ನೋಡಿ ಆದಮೇಲೇ ಅದು ಅಡುಗೆಮನೆಗೆ ಹೋದದ್ದು.

ಅರಸೀಕೆರೆ ಸ್ಟೇಷನ್ನಿಗೆ ಅಪ್ಪನೇ ಬಂದಿದ್ದರು, ಬೇಡ ಅಂದರೂ ಕೇಳದೆ. ತೆಳ್ಳಗಾಗಿದ್ದರು. ನನ್ನ ಟ್ರಂಕಿಗೆ ಕೈ ಹಾಕಲು ಬಂದವರನ್ನು ತಡೆದೆ. ದಾರಿಯಲ್ಲಿ ಒಂದು ಒಪ್ಪಂದ ಮಾಡಿಕೊಂಡೆವು. ನಾನು ಎರಡು ತಿಂಗಳಿಗೊಮ್ಮೆ ಬರುವುದು, ರಿಲೀಸ್ ಇದ್ದರೂ ಸರಿ. ಅವರು ಏನಾದರೂ ಹೇಳಿಬಿಡುವುದು, ಸಣ್ಣದಾದರೂ ಸರಿ.

ಅಪ್ಪ ಒಪ್ಪಂದ ಪಾಲಿಸುವ ಮನುಷ್ಯ. ಈಗ ಆಫೀಸಿನಲ್ಲಿ ಮೀಟಿಂಗ್ ನಡುವೆ ಫೋನ್ ಬರುತ್ತದೆ. ಎದ್ದು ಹೊರಗೆ ಬಂದು ಎತ್ತುತ್ತೇನೆ.

"ಏನಿಲ್ಲ ಮಗಾ. ನೆಗಡಿ ಆಗೈತೆ. ಹೇಳು ಅಂದಿದ್ದಲ್ಲ, ಅದಕ್ಕೆ ಹೇಳ್ದೆ."